ಎರರ್ ಪಿಸಿಯದೋ ಬೋರ್ಡಿನದೋ: ಕೆಟ್ಟುಹೋದ ಕ್ರಾಸ್ ಕಂಪೈಲ್ ಬಿಲ್ಡ್ ಸರಿಪಡಿಸುವ ಬಗೆ

ಎಂಬೆಡೆಡ್ ಲಿನಕ್ಸ್ (ಪುಟ್ಟ ಬೋರ್ಡಿನಲ್ಲಿ ಓಡುವ ಲಿನಕ್ಸ್) ಬಿಲ್ಡ್, ಅಂದರೆ ಸೋರ್ಸ್ ಕೋಡ್‌ನಿಂದ ಅದನ್ನು ಕಟ್ಟುವ ಕೆಲಸ, ಕೆಟ್ಟು ನಿಂತಾಗ ಎಲ್ಲರೂ ಕೊಡುವ ಸಲಹೆ ಒಂದೇ: ಎಲ್ಲಾ ಅಳಿಸಿ ಮೊದಲಿಂದ ಹಾಕು. ಬಹಳ ಸಲ ಅದು ಕೆಲಸವನ್ನೂ ಮಾಡುತ್ತದೆ. ಆದರೆ ಕೆಲಸ ಮಾಡದಿದ್ದಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ದೋಷದ ಗುರುತೂ ಹೋಗಿರುತ್ತದೆ, ಕರ್ನಲ್ (ಲಿನಕ್ಸ್‌ನ ತಿರುಳು) ಸೋರ್ಸ್ ಒಳಗೆ ಯಾರೋ ಕೈಯಾರೆ ಮಾಡಿದ್ದ ತಿದ್ದುಪಡಿಯೂ ಹೋಗಿರುತ್ತದೆ.

ಇಲ್ಲಿ ಹೇಳುವ ಕೇಸ್ ಹುಬ್ಬಳ್ಳಿಯ ಗೋಕುಲ ರೋಡ್ ಕಡೆಯ ಒಂದು ಚಿಕ್ಕ ವರ್ಕ್‌ಶಾಪಿನದು. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಮೆಣಸಿನಕಾಯಿ ಚೀಲ ಇಡುವ ಕೋಣೆಗಳ ಉಷ್ಣತೆ, ತೇವ ಓದಿ ಮಾಲೀಕರ ಫೋನಿಗೆ ಕಳಿಸುವ ಪೆಟ್ಟಿಗೆಯನ್ನು ಇವರು ಮಾಡುತ್ತಾರೆ. ಒಳಗಿರುವುದು ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡ್. ಆರ್ಮ್ ಕಾರ್ಟೆಕ್ಸ್ ಎ8 ಪ್ರೊಸೆಸರ್, 512 ಎಂಬಿ ರ‍್ಯಾಮ್. ಬೋರ್ಡಿಗೆ ಬರೆಯುವ ಪೂರ್ತಿ ಲಿನಕ್ಸ್‌ನ ಫೈಲಾದ ಇಮೇಜ್ ಕಟ್ಟುವುದು ಬಿಲ್ಡ್‌ರೂಟ್ 2019.02 ಎಂಬ ಸಾಧನದಿಂದ. ಬಿಲ್ಡ್ ಪಿಸಿಯಲ್ಲಿ ಇದ್ದದ್ದು ಉಬುಂಟು 18.04.

ಒಂದು ಸಂಜೆ ಗುಡುಗು ಮಳೆ ಬಂದು, ಬಿಲ್ಡ್ ನಡೆಯುತ್ತಿರುವಾಗಲೇ ಕರೆಂಟ್ ಹೋಯಿತು. ಯುಪಿಎಸ್ ಇತ್ತು, ಆದರೆ ಅದಕ್ಕೆ ಹಚ್ಚಿದ್ದು ರೂಟರ್ ಮತ್ತು ಸಿಸಿ ಕ್ಯಾಮೆರಾ! ಮರುದಿನ ಬಿಲ್ಡ್ ಆಗಲಿಲ್ಲ. ಅಲ್ಲಿನ ಹುಡುಗ, ಹೊಸದು ಹಾಕಿದರೆ ಸರಿ ಹೋಗಬಹುದು ಅಂತ ಉಬುಂಟುವನ್ನು 20.04ಕ್ಕೆ, ಅಲ್ಲಿಂದ 22.04ಕ್ಕೆ ಏರಿಸಿದ. ಆಮೇಲೆ ಫೋನ್ ಬಂತು: "ಅಣ್ಣಾರ, ಮೊದಲ ಒಂದ ಎರರ್ ಇತ್ರಿ, ಈಗ ಹತ್ತ ಬರಾಕತ್ತಾವ್ರಿ."

ಬೋರ್ಡಿನಲ್ಲಿ ಓಡುವ ಪ್ರೋಗ್ರಾಂ ಅನ್ನು ಪಿಸಿಯಲ್ಲಿ ಕಂಪೈಲ್ ಮಾಡುವ ಕ್ರಾಸ್ ಬಿಲ್ಡ್ ಎಂದರೆ ಒಂದೇ ಪಿಸಿಯಲ್ಲಿ ಎರಡು ಯಂತ್ರಗಳ ಸಾಮಾನು ಇಟ್ಟುಕೊಳ್ಳುವುದು. ಪಿಸಿಯಲ್ಲಿ ಓಡುವ ಸಾಧನಗಳು ಒಂದು ಕಡೆ, ಬೋರ್ಡಿನಲ್ಲಿ ಓಡಬೇಕಾದ ಲೈಬ್ರರಿ, ಹೆಡರ್, ಪ್ರೋಗ್ರಾಂ ಇನ್ನೊಂದು ಕಡೆ. ಎರಡೂ ಒಂದೇ ಟರ್ಮಿನಲ್‌ನಲ್ಲಿ ಕೂಗುತ್ತವೆ. ಹಾಗಾಗಿ ಯಾವ ಎರರ್ ಬಂದರೂ ನಾನು ಮೊದಲು ಕೇಳುವುದು ಒಂದೇ: ಇದು ಯಾರ ಕಡೆಯ ಎರರ್?

ಮುಟ್ಟುವ ಮೊದಲು ಎತ್ತಿಡಿ

ಮೊದಲ ಕೆಲಸ ಕಾನ್ಫಿಗ್ (ಬಿಲ್ಡ್‌ನ ಆಯ್ಕೆಗಳ ಪಟ್ಟಿ) ಉಳಿಸುವುದು. ಮೇಕ್ ಎಂದರೆ ಬಿಲ್ಡ್ ನಡೆಸುವ ಕಮಾಂಡ್. ಬಿಲ್ಡ್‌ರೂಟ್ ಫೋಲ್ಡರ್‌ನಲ್ಲಿ ‘ಮೇಕ್ ಸೇವ್‌ಡೆಫ್‌ಕಾನ್ಫಿಗ್’ ಕೊಡಿ. ಕರ್ನಲ್, ಬಿಸಿಬಾಕ್ಸ್ (ಬೋರ್ಡಿನ ಸಾಮಾನ್ಯ ಕಮಾಂಡ್‌ಗಳು), ಯು-ಬೂಟ್ (ಬೋರ್ಡ್ ಬೂಟ್ ಮಾಡುವ ಪ್ರೋಗ್ರಾಂ) ಕಾನ್ಫಿಗ್‌ಗಳನ್ನು ಪ್ರತ್ಯೇಕವಾಗಿ ಕಾಪಿ ಮಾಡಿ. ಅವು ಇರುವುದು ಔಟ್‌ಪುಟ್‌ನ ಬಿಲ್ಡ್ ಫೋಲ್ಡರ್ ಒಳಗೆ. ‘ಮೇಕ್ ಕ್ಲೀನ್’ ಅಂದ ಕೂಡಲೇ ಹೋಗುತ್ತವೆ.

‘ಮೇಕ್ ಡಿಸ್ಟ್‌ಕ್ಲೀನ್’ ಇನ್ನೂ ಜೋರು. ಅದು ಮುಖ್ಯ ಕಾನ್ಫಿಗ್ ಫೈಲನ್ನೂ ಅಳಿಸುತ್ತದೆ, ಬಿಲ್ಡ್‌ರೂಟ್ ಒಳಗೇ ಇರುವ ಡೌನ್‌ಲೋಡ್ ಫೋಲ್ಡರನ್ನೂ ಅಳಿಸುತ್ತದೆ. ಹಳೇ ಆವೃತ್ತಿಯ ಸೋರ್ಸ್ ಫೈಲ್‌ಗಳು ಮೂಲ ಸೈಟ್‌ಗಳಲ್ಲಿ ಈಗ ಇಲ್ಲದೇ ಇರಬಹುದು. ಬಿಲ್ಡ್‌ರೂಟ್‌ನವರ ಬದಲಿ ಸರ್ವರ್‌ನಲ್ಲಿ ಬಹಳಷ್ಟು ಸಿಗುತ್ತವೆ ನಿಜ, ಆದರೆ ನಿಮ್ಮದೇ ಕಂಪನಿಯ ಪ್ಯಾಕೇಜ್ ಅಲ್ಲಿ ಸಿಗುವುದಿಲ್ಲ. ಡೌನ್‌ಲೋಡ್ ಫೋಲ್ಡರನ್ನು ಬಿಲ್ಡ್‌ರೂಟ್ ಹೊರಗಡೆ, ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಕೈಯಾರೆ ಮಾಡಿದ ತಿದ್ದುಪಡಿ. ಚಿಕ್ಕ ತಂಡಗಳಲ್ಲಿ ಇದು ಇದ್ದೇ ಇರುತ್ತದೆ. ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರ್ ವಿವರ ಕರ್ನಲ್‌ಗೆ ಹೇಳುವ ಫೈಲ್) ಒಂದು ಪಿನ್ ಬದಲಿಸಬೇಕಿತ್ತು, ಗ್ರಾಹಕರು ಕಾಯುತ್ತಿದ್ದರು, ಸೀದಾ ಬಿಲ್ಡ್ ಫೋಲ್ಡರ್ ಒಳಗೇ ತಿದ್ದಿ ಇಮೇಜ್ ತೆಗೆದು ಕೊಟ್ಟಾಯಿತು. ಪ್ಯಾಚ್ (ತಿದ್ದಿದ ಸಾಲುಗಳ ಫೈಲ್) ಮಾಡಿ ಇಡಲು ಪುರುಸೊತ್ತು ಯಾರಿಗಿದೆ? ಅಂಥದ್ದನ್ನು ಹುಡುಕಲು ದಾರಿ ಇದೆ. ಬಿಲ್ಡ್‌ರೂಟ್ ಪ್ರತಿ ಪ್ಯಾಕೇಜ್‌ನ ಫೋಲ್ಡರ್‌ನಲ್ಲಿ ಪ್ಯಾಚ್ ಹಾಕಿ ಮುಗಿದ ಮೇಲೆ ಒಂದು ಖಾಲಿ ಸ್ಟ್ಯಾಂಪ್ ಫೈಲ್ ಇಡುತ್ತದೆ. ಆ ಸ್ಟ್ಯಾಂಪ್‌ಗಿಂತ ಹೊಸದಾದ ಸಿ ಫೈಲ್, ಹೆಡರ್, ಡಿವೈಸ್ ಟ್ರೀ ಫೈಲ್ ಯಾವುದು ಅಂತ ಫೈಂಡ್ ಕಮಾಂಡ್‌ನ ‘ನ್ಯೂಯರ್’ ಆಯ್ಕೆಯಿಂದ ಕೇಳಿ. ಬಿಲ್ಡ್ ತಾನೇ ಹುಟ್ಟಿಸಿದ ಫೈಲ್‌ಗಳೂ ಪಟ್ಟಿಯಲ್ಲಿ ಬರುತ್ತವೆ, ಆದರೂ ಕಣ್ಣಲ್ಲಿ ಆರಿಸಿ ತೆಗೆಯಬಹುದು. ಗಟ್ಟಿ ಮಾಡಿಕೊಳ್ಳಬೇಕೆಂದರೆ ಅದೇ ಸೋರ್ಸ್ ಟಾರ್‌ಬಾಲ್ ಅನ್ನು ಬೇರೆ ಕಡೆ ಬಿಚ್ಚಿ, ಬಿಲ್ಡ್‌ರೂಟ್‌ನ ಪ್ಯಾಚ್‌ಗಳನ್ನು ಹಾಕಿ, ಎರಡನ್ನೂ ಡಿಫ್ ಮಾಡಿ, ಅಂದರೆ ಸಾಲು ಸಾಲಾಗಿ ಹೋಲಿಸಿ. ಈ ಕೇಸಿನಲ್ಲಿ ಡಿವೈಸ್ ಟ್ರೀಯ ಐ-ಸ್ಕ್ವೇರ್-ಸಿ (ಚಿಪ್‌ಗಳನ್ನು ಜೋಡಿಸುವ ಎರಡು ತಂತಿಯ ಬಸ್) ಭಾಗದಲ್ಲಿ ಸೆನ್ಸರ್‌ಗಾಗಿ ಬರೆದ ನಾಲ್ಕಾರು ಸಾಲು ಸಿಕ್ಕವು. ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಅವು ಎಲ್ಲೂ ಇರಲಿಲ್ಲ. ಅವನ್ನು ಪ್ಯಾಚ್ ಮಾಡಿ ಇಟ್ಟೆವು. ಸುಮ್ನೆ ಕ್ಲೀನ್ ಮಾಡಿದ್ದರೆ ಬಿಲ್ಡ್ ಆಗುತ್ತಿತ್ತು, ಸೆನ್ಸರ್ ಮಾತ್ರ ಓದುತ್ತಿರಲಿಲ್ಲ.

ಮೊದಲ ಎರರ್ ಯಾವುದು

ಟರ್ಮಿನಲ್‌ನ ಕೊನೆಯ ಸಾಲನ್ನು ಹಾಗೇ ಗೂಗಲ್ ಮಾಡುವವರೇ ಜಾಸ್ತಿ. ಅಲ್ಲಿ ಇರುವುದು ‘ಎರರ್ 2’ ಅಷ್ಟೇ. ಕೆಳಗಿನ ಕೆಲಸ ನಿಂತಿತು, ಹಾಗಾಗಿ ನಾನೂ ನಿಂತೆ ಅಂತ ಮೇಕ್ ಹೇಳುವ ಮಾತು ಅದು. ನಿಜವಾದ ಎರರ್ ಎಷ್ಟೋ ಮೇಲೆ ಇರುತ್ತದೆ. ಎಂಟು ಕೆಲಸ ಒಟ್ಟಿಗೆ ನಡೆಯುವಾಗ ಒಂದು ಕೆಟ್ಟರೂ ಉಳಿದ ಏಳು ತಮ್ಮ ಪಾಡಿಗೆ ಬರೆಯುತ್ತಾ ಹೋಗುತ್ತವೆ ಅಲ್ವಾ.

ಬಿಲ್ಡ್‌ರೂಟ್‌ನಲ್ಲಿ ಜೆ-ಲೆವೆಲ್ (ಒಟ್ಟಿಗೆ ನಡೆಯುವ ಕೆಲಸಗಳ ಸಂಖ್ಯೆ) ಅನ್ನು 1ಕ್ಕೆ ಇಳಿಸಿ, ಓಡುವ ಕಮಾಂಡ್‌ಗಳನ್ನೆಲ್ಲ ತೋರಿಸುವ ‘ವಿ ಈಕ್ವಲ್ಸ್ 1’ ಕೊಟ್ಟು, ಎಲ್ಲವನ್ನೂ ಒಂದು ಲಾಗ್ ಫೈಲಿಗೆ ಬರೆಸಿ. ನಿಧಾನ ಆಗುತ್ತದೆ, ಆಗಲಿ. ಕೆಟ್ಟ ಪ್ಯಾಕೇಜ್ ಒಂದನ್ನೇ ಮತ್ತೆ ಓಡಿಸಿದರೂ ಸಾಕು. ಆಮೇಲೆ ಲಾಗ್ ಅನ್ನು ಮೇಲಿನಿಂದ ಓದಿ. ಮೊದಲ ಎರರ್ ಸಿಕ್ಕಾಗ ಅದರ ಮೇಲಿನ ಸಾಲು ನೋಡಿ: ಅಲ್ಲಿ ಓಡಿದ ಕಂಪೈಲರ್ ಸುಮ್ನೆ ‘ಜಿಸಿಸಿ’ಯೋ, ಮುಂದೆ ‘ಆರ್ಮ್-ಬಿಲ್ಡ್‌ರೂಟ್-ಲಿನಕ್ಸ್’ ಅಂತ ಇರುವ ಜಿಸಿಸಿಯೋ? ಮುಂದೆ ಏನೂ ಇಲ್ಲದಿದ್ದರೆ ಅದು ಪಿಸಿಗಾಗಿ ನಡೆಯುತ್ತಿದ್ದ ಕಂಪೈಲ್. ಪ್ಯಾಕೇಜ್ ಹೆಸರಿನ ಮುಂದೆ ‘ಹೋಸ್ಟ್’ ಅಂತ ಇದ್ದರೂ ಅಷ್ಟೇ. ಯಾರ ಕಡೆಯ ಎರರ್ ಅನ್ನೋದಕ್ಕೆ ಉತ್ತರ ಇಲ್ಲೇ ಸಿಕ್ಕಿತು.

ಕಾನ್ಫಿಗರ್ ಹಂತದಲ್ಲೇ ನಿಂತರೆ ಪರದೆಯ ಮೇಲಿನ ಮಾತನ್ನು ನಂಬಬೇಡಿ. ‘ಸಿ ಕಂಪೈಲರ್ ಪ್ರೋಗ್ರಾಂ ತಯಾರಿಸಲಾರದು’ ಅನ್ನುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಆ ಪ್ಯಾಕೇಜ್‌ನ ಫೋಲ್ಡರ್‌ನಲ್ಲಿ ಇರುವ ಕಾನ್ಫಿಗ್ ಡಾಟ್ ಲಾಗ್ ತೆರೆಯಿರಿ. ಪರೀಕ್ಷೆಗೆ ಬರೆದ ಪುಟ್ಟ ಪ್ರೋಗ್ರಾಂ, ಓಡಿಸಿದ ಕಮಾಂಡ್, ಕಂಪೈಲರ್ ಬೈದ ಮಾತು ಎಲ್ಲಾ ಅಲ್ಲಿರುತ್ತದೆ.

ಡಿಸ್ಕ್, ರ‍್ಯಾಮ್, ಗಡಿಯಾರ

ಡಿಸ್ಕ್ ತುಂಬಿದೆಯಾ ನೋಡಿ, ಐನೋಡ್ (ಪ್ರತಿ ಫೈಲಿಗೂ ಬೇಕಾದ ಒಂದು ನೋಂದಣಿ ಸ್ಥಾನ) ಮುಗಿದಿದೆಯಾ ನೋಡಿ. ಬಿಲ್ಡ್ ಫೋಲ್ಡರ್‌ನಲ್ಲಿ ಲಕ್ಷಗಟ್ಟಲೆ ಪುಟ್ಟ ಫೈಲ್‌ಗಳಿರುತ್ತವೆ, ಜಾಗ ಇದ್ದೂ ಐನೋಡ್ ಮುಗಿಯಬಹುದು. ‘ಇಂಟರ್ನಲ್ ಕಂಪೈಲರ್ ಎರರ್, ಕಿಲ್ಡ್’ ಅಂತ ಬಂದರೆ ಕಂಪೈಲರ್‌ನಲ್ಲಿ ದೋಷ ಹುಡುಕಬೇಡಿ. ರ‍್ಯಾಮ್ ಸಾಲದೆ ಕರ್ನಲ್ ಅದನ್ನು ಕೊಂದಿರುತ್ತದೆ. ಪಿಸಿಯ ಕರ್ನಲ್ ಲಾಗ್‌ನಲ್ಲಿ ಗುರುತು ಸಿಗುತ್ತದೆ. ಒಟ್ಟಿಗೆ ನಡೆಯುವ ಕೆಲಸಗಳ ಸಂಖ್ಯೆ ಇಳಿಸಿ, ಸ್ವಾಪ್ ಸೇರಿಸಿ, ಮುಂದೆ ಹೋಗಿ.

ಗಡಿಯಾರದ ವಿಷಯ ಹಾಗಲ್ಲ. ಕರೆಂಟ್ ಹೋಗಿ ಬರುವ ನಮ್ಮ ಕಡೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೇಕ್‌ಗೆ ಗೊತ್ತಿರುವ ಲೆಕ್ಕ ಒಂದೇ. ಸೋರ್ಸ್ ಫೈಲಿನ ಸಮಯ ಆಬ್ಜೆಕ್ಟ್ ಫೈಲಿನ (ಕಂಪೈಲ್ ಆಗಿ ಬಂದ ಫೈಲ್) ಸಮಯಕ್ಕಿಂತ ಹೊಸದಾಗಿದ್ದರೆ ಮತ್ತೆ ಕಂಪೈಲ್ ಮಾಡು, ಇಲ್ಲದಿದ್ದರೆ ಬಿಡು. ಮದರ್‌ಬೋರ್ಡ್‌ನ ಗುಂಡಿ ಬ್ಯಾಟರಿ ಸತ್ತಿದ್ದರೆ ಕರೆಂಟ್ ಪೂರ್ತಿ ಹೋದಾಗ ಪಿಸಿ ತನ್ನ ಸಮಯ ಮರೆಯುತ್ತದೆ. ಉಬುಂಟು ತಾನು ಕೊನೆಯದಾಗಿ ಉಳಿಸಿಕೊಂಡ ಸಮಯಕ್ಕೆ ಗಡಿಯಾರವನ್ನು ಎಳೆದು ತರುತ್ತದೆ. ಹಾಗಾಗಿ ವರ್ಷಗಟ್ಟಲೆ ಹಿಂದೆ ಹೋಗುವುದಿಲ್ಲ, ತಪ್ಪು ಕಣ್ಣಿಗೂ ಬೀಳುವುದಿಲ್ಲ. ಬೆಳಗ್ಗೆ ಪಿಸಿ ಹಚ್ಚಿದಾಗ, ನೆಟ್ ಬರುವ ತನಕ, ಅದು ಹಿಂದಿನ ಸಂಜೆಯಲ್ಲೇ ಇರುತ್ತದೆ.

ಸಂಜೆ 8:55ಕ್ಕೆ ಕಂಪೈಲ್ ಆದ ಒಂದು ಆಬ್ಜೆಕ್ಟ್ ಫೈಲ್ ಇದೆ ಅಂದುಕೊಳ್ಳಿ. ಪಿಸಿ 8:30ಕ್ಕೆ ಹಿಂದೆ ಸರಿದಿದೆ. ನೀವು ಬೆಳಗ್ಗೆ ಬಂದು ಅದರ ಸೋರ್ಸ್ ತಿದ್ದುತ್ತೀರಿ, ಪಿಸಿ ಅದಕ್ಕೆ 8:40 ಅಂತ ಮುದ್ರೆ ಒತ್ತುತ್ತದೆ. ಮೇಕ್ ನೋಡುತ್ತದೆ: ಆಬ್ಜೆಕ್ಟ್ ಹೊಸದು, ಸೋರ್ಸ್ ಹಳೆಯದು, ಏನೂ ಮಾಡಬೇಕಿಲ್ಲ. ನೀವು ತಿದ್ದುತ್ತಲೇ ಇರುತ್ತೀರಿ, ಬೋರ್ಡಿನಲ್ಲಿ ಏನೂ ಬದಲಾಗುವುದಿಲ್ಲ. ಆ ಹೊತ್ತಿನಲ್ಲಿ ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್, ಬಿಲ್ಡ್ ಅಪೂರ್ಣ ಇರಬಹುದು’ ಅಂತ ಮೇಕ್ ಎಚ್ಚರಿಸುತ್ತದೆ. ಆದರೆ ನೆಟ್ ಬಂದು ಸಮಯ ಸರಿಯಾದ ಮೇಲೆ ಆ ಎಚ್ಚರಿಕೆಯೂ ಬರುವುದಿಲ್ಲ, ಯಾಕೆಂದರೆ ಎರಡೂ ಫೈಲ್ ಈಗ ಹಳೆಯವೇ. 8:40 ಮತ್ತು 8:55ರ ನಡುವಿನ ಜಗಳ ಮಾತ್ರ ಹಾಗೇ ಉಳಿದಿರುತ್ತದೆ. ಪರಿಹಾರ ಸುಲಭ. ಸಮಯ ಸರಿಯಾದ ಮೇಲೆ, ತಿದ್ದಿದ ಫೈಲ್‌ಗಳನ್ನು ಗಿಟ್‌ನಿಂದ ಪಟ್ಟಿ ಮಾಡಿ ಒಮ್ಮೆ ‘ಟಚ್’ ಮಾಡಿ, ಅವುಗಳ ಸಮಯ ಈಗಿನದಾಗುತ್ತದೆ. ಬ್ಯಾಟರಿ ಸಿಆರ್ 2032, ವಾಚ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೂ ಬದಲಿಸಿ.

ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಪಿಸಿಯಲ್ಲಿ ಇದರ ಉಲ್ಟಾ ಆಗುತ್ತದೆ. ವಿಂಡೋಸ್ ಮದರ್‌ಬೋರ್ಡ್ ಗಡಿಯಾರಕ್ಕೆ ಭಾರತದ ಸಮಯ ಬರೆಯುತ್ತದೆ, ಲಿನಕ್ಸ್ ಅದನ್ನು ಯುಟಿಸಿ ಅಂದುಕೊಳ್ಳುತ್ತದೆ. ನೆಟ್ ಸಿಗುವ ತನಕ ಪಿಸಿ ಐದೂವರೆ ಗಂಟೆ ಮುಂದೆ ಇರುತ್ತದೆ. ಆಗ ಹುಟ್ಟಿದ ಫೈಲ್‌ಗಳೆಲ್ಲ ಭವಿಷ್ಯದವು.

ಖಾಲಿ ಫೈಲ್‌ಗಳು

ಕಂಪೈಲರ್ ಫೈಲ್ ಬರೆದ ಕೂಡಲೇ ಅದು ಡಿಸ್ಕ್ ಸೇರಿತು ಅಂತಲ್ಲ. ಉಬುಂಟುವಿನ ಫೈಲ್‌ಸಿಸ್ಟಮ್ ಇಎಕ್ಸ್‌ಟಿ4 ಡಿಸ್ಕ್ ಜಾಗವನ್ನು ತಡವಾಗಿ ಹಂಚುತ್ತದೆ. ಆ ನಡುವೆ ಕರೆಂಟ್ ಹೋದರೆ ಹೆಸರು ಉಳಿಯುತ್ತದೆ, ಒಳಗೆ ಸೊನ್ನೆ ಬೈಟ್. ಮೇಕ್‌ಗೆ ಹೆಸರು ಮತ್ತು ಸಮಯ ಸಾಕು, ಒಳಗೆ ಏನಿದೆ ಅಂತ ಅದು ನೋಡುವುದಿಲ್ಲ. ಆಬ್ಜೆಕ್ಟ್ ಫೈಲ್‌ಗಳನ್ನು ಜೋಡಿಸುವ ಲಿಂಕರ್ ಬಂದಾಗ ‘ಫೈಲ್ ಟ್ರಂಕೇಟೆಡ್’ ಅಥವಾ ‘ಫೈಲ್ ಫಾರ್ಮ್ಯಾಟ್ ನಾಟ್ ರೆಕಗ್ನೈಸ್ಡ್’ ಅನ್ನುತ್ತದೆ. ಹುಡುಗನಿಗೆ ಮೊದಲ ದಿನ ಬಂದಿದ್ದ ಒಂಟಿ ಎರರ್ ಇದೇ.

ಆಬ್ಜೆಕ್ಟ್ ಫೈಲ್ ಖಾಲಿ ಆದರೆ ಪುಣ್ಯ, ಲಿಂಕರ್ ಹೆಸರು ಹಿಡಿದು ಹೇಳುತ್ತದೆ. ಬೋರ್ಡಿನ ಹೆಡರ್, ಲೈಬ್ರರಿ ಇರುವ ಸ್ಟೇಜಿಂಗ್ ಫೋಲ್ಡರ್‌ನಲ್ಲಿ ಹೆಡರ್ ಖಾಲಿ ಆದರೆ ಕಷ್ಟ. ಖಾಲಿ ಹೆಡರನ್ನು ಸೇರಿಸಿಕೊಂಡರೆ ಸಿ ಭಾಷೆಯಲ್ಲಿ ತಪ್ಪೇನಿಲ್ಲ, ಹಾಗಾಗಿ ಆ ಸಾಲಿನಲ್ಲಿ ಎರರ್ ಬರುವುದಿಲ್ಲ. ಎಲ್ಲೋ ನೂರು ಸಾಲು ಕೆಳಗೆ, ‘ಈ ಫಂಕ್ಷನ್ ಘೋಷಣೆ ಆಗಿಲ್ಲ’ ಅಂತ ಶುರುವಾಗುತ್ತದೆ. ಲೈಬ್ರರಿ ಆವೃತ್ತಿ ತಪ್ಪಿದೆ ಅಂದುಕೊಂಡು ಅರ್ಧ ದಿನ ಅಲೆಯುವುದು ಇಂಥಲ್ಲೇ.

ಫೈಂಡ್ ಕಮಾಂಡ್‌ಗೆ ‘ಎಂಪ್ಟಿ’ ಆಯ್ಕೆ ಕೊಟ್ಟು ಡಾಟ್ ಓ, ಡಾಟ್ ಎ, ಡಾಟ್ ಎಸ್‌ಓ, ಡಾಟ್ ಎಚ್ ಫೈಲ್‌ಗಳನ್ನು ಹುಡುಕಿ. ಆದರೆ ಸಿಕ್ಕಿದ್ದನ್ನೆಲ್ಲ ಅಳಿಸಬೇಡಿ. ಬಿಲ್ಡ್‌ರೂಟ್‌ನ ಸ್ಟ್ಯಾಂಪ್ ಫೈಲ್‌ಗಳು ಹುಟ್ಟಾ ಖಾಲಿ. ಹಳೇ ಕರ್ನಲ್‌ಗಳ ಇನ್‌ಕ್ಲೂಡ್ ಒಳಗಿನ ಕಾನ್ಫಿಗ್ ಫೋಲ್ಡರ್‌ನಲ್ಲೂ ಖಾಲಿ ಹೆಡರ್‌ಗಳು ರಾಶಿ ಇರುತ್ತವೆ, ಅವು ಬೇಕಂತಲೇ ಇಟ್ಟವು. ಕರೆಂಟ್ ಹೋದ ಹೊತ್ತಿನ ಆಸುಪಾಸಿನ ಸಮಯ ಇರುವ ಖಾಲಿ ಫೈಲ್‌ಗಳೇ ನಿಮಗೆ ಬೇಕಾದವು.

ಅವು ಯಾವ ಪ್ಯಾಕೇಜ್‌ಗೆ ಸೇರಿವೆಯೋ ಆ ಪ್ಯಾಕೇಜ್ ಹೆಸರಿನ ಕೊನೆಗೆ ‘-ಡರ್‌ಕ್ಲೀನ್’ ಸೇರಿಸಿ ಮೇಕ್ ಕೊಡಿ, ಆಮೇಲೆ ಮತ್ತೆ ಬಿಲ್ಡ್ ಮಾಡಿ. ಸ್ಟ್ಯಾಂಪ್ ಸಮೇತ ಬಿಲ್ಡ್ ಫೋಲ್ಡರ್ ಹೋಗುತ್ತದೆ, ಹೊಸದು ಬಂದು ಸ್ಟೇಜಿಂಗ್‌ನಲ್ಲಿ ಹಳೆಯದರ ಮೇಲೆ ಕೂರುತ್ತದೆ. ಗಮನಿಸಿ, ಡರ್‌ಕ್ಲೀನ್ ಸ್ಟೇಜಿಂಗ್ ಮತ್ತು ಟಾರ್ಗೆಟ್ (ಇಮೇಜ್‌ಗೆ ಹೋಗುವ ಫೈಲ್‌ಗಳ) ಫೋಲ್ಡರ್‌ಗಳಿಂದ ಏನನ್ನೂ ತೆಗೆಯುವುದಿಲ್ಲ. ಕಾನ್ಫಿಗ್‌ನಿಂದ ಒಂದು ಲೈಬ್ರರಿ ಕಿತ್ತರೂ ಅದರ ಫೈಲ್ ಇಮೇಜ್‌ನಲ್ಲಿ ಉಳಿದಿರುತ್ತದೆ. ಸಿಕ್ಯಾಶ್ (ಹಿಂದೆ ಕಂಪೈಲ್ ಆದದ್ದನ್ನು ಉಳಿಸಿ ಮತ್ತೆ ಕೊಡುವ ಸಾಧನ) ಬಳಸುತ್ತಿದ್ದರೆ ಈ ಕೆಲಸ ಮುಗಿಯುವ ತನಕ ಅದನ್ನು ಆಫ್ ಮಾಡಿ.

ಇಲ್ಲಿಗೆ ಕರೆಂಟ್ ಮಾಡಿದ ಹಾನಿ ಮುಗಿಯಿತು. ಉಬುಂಟು ಏರಿಸದೇ ಇದ್ದಿದ್ದರೆ ಬರಹವೂ ಇಲ್ಲಿಗೇ ಮುಗಿಯುತ್ತಿತ್ತು.

ಹಳೇ ಬಿಲ್ಡ್‌ರೂಟ್, ಹೊಸ ಉಬುಂಟು

ಉಬುಂಟು 18.04ರಲ್ಲಿ ಇರುವುದು ಜಿಲಿಬ್‌ಸಿ (ಬಹುತೇಕ ಪ್ರೋಗ್ರಾಂಗಳು ಬಳಸುವ ಮೂಲ ಸಿ ಲೈಬ್ರರಿ) 2.27, ಜಿಸಿಸಿ 7. 22.04ರಲ್ಲಿ ಜಿಲಿಬ್‌ಸಿ 2.35, ಜಿಸಿಸಿ 11. ಈ ಅಂತರದಲ್ಲಿ 2019ರ ಬಿಲ್ಡ್‌ರೂಟ್ ಎಡವುವ ಜಾಗಗಳು ಹೆಸರುವಾಸಿ.

ಹೋಸ್ಟ್-ಎಂ4 ಮೊದಲು ಬೀಳುತ್ತದೆ. ‘ಸಿಗ್‌ಸ್ಟಾಕ್‌ಸೈಜ್’ ಬಗ್ಗೆ ಏನೋ ಗೊಣಗುತ್ತದೆ. ಅದು ಒಂದು ಸ್ಥಿರ ಸಂಖ್ಯೆ ಅಂತ ಎಂ4 1.4.18 ನಂಬಿಕೊಂಡಿತ್ತು. 2021ರಲ್ಲಿ ಬಂದ ಜಿಲಿಬ್‌ಸಿ 2.34ರಿಂದ ಅದು ಓಡುವಾಗ ಲೆಕ್ಕ ಹಾಕುವ ಸಂಖ್ಯೆಯಾಯಿತು. ಎಂ4 1.4.19ರಲ್ಲಿ ಸರಿಯಾಗಿದೆ. ಅದನ್ನು ದಾಟಿದರೆ ಹೋಸ್ಟ್-ಫೇಕ್‌ರೂಟ್, ‘ಸ್ಟ್ಯಾಟ್ ವರ್ಷನ್’ ಎಂಬ ಹಳೇ ಹೆಸರು ಸಿಗಲಿಲ್ಲ ಅಂತ ನಿಲ್ಲುತ್ತದೆ. ಅದನ್ನೂ ದಾಟಿದರೆ ಕರ್ನಲ್ ಅಥವಾ ಯು-ಬೂಟ್ ಒಳಗಿನ ಡಿವೈಸ್ ಟ್ರೀ ಕಂಪೈಲರ್, ‘ವೈವೈ-ಲಾಕ್ ಎರಡು ಕಡೆ ಇದೆ’ ಅನ್ನುತ್ತದೆ. 2020ರ ಜಿಸಿಸಿ 10ರಿಂದ, ಒಂದೇ ಗ್ಲೋಬಲ್ ಹೆಸರನ್ನು ಎರಡು ಫೈಲ್‌ಗಳಲ್ಲಿ ಇಟ್ಟರೆ ಲಿಂಕರ್ ಸುಮ್ಮನಿರುವುದಿಲ್ಲ, ಅದಕ್ಕೆ.

ಮೂರೂ ಪಿಸಿಯ ಕಡೆಯ ಎರರ್‌ಗಳು. ಕ್ರಾಸ್ ಕಂಪೈಲರ್ ಬದಲಿಸಿದರೆ, ಬೋರ್ಡಿನ ಕಾನ್ಫಿಗ್ ಕೆದಕಿದರೆ ಒಂದೂ ಹೋಗುವುದಿಲ್ಲ.

ದಾರಿ ಎರಡಿವೆ. ಒಂದು, ಹೊಸ ಬಿಲ್ಡ್‌ರೂಟ್‌ನ ಪ್ಯಾಕೇಜ್ ಫೋಲ್ಡರ್‌ಗಳಿಂದ ಆಯಾ ಪ್ಯಾಚ್ ತಂದು ಹಳೆಯದಕ್ಕೆ ಹಾಕುವುದು. ಒಂದೆರಡು ಪ್ಯಾಕೇಜ್ ಇದ್ದರೆ ಸರಿ. ಇನ್ನೊಂದು, ಡಾಕರ್ ಕಂಟೇನರ್‌ನಲ್ಲಿ (ಪಿಸಿಯೊಳಗೇ ಪ್ರತ್ಯೇಕವಾಗಿ ಓಡುವ ಇನ್ನೊಂದು ಲಿನಕ್ಸ್ ವಾತಾವರಣ) ಉಬುಂಟು 18.04 ಹಾಕಿ ಅದರೊಳಗೆ ಬಿಲ್ಡ್ ಮಾಡುವುದು. ನನ್ನ ಮತ ಎರಡನೆಯದಕ್ಕೆ. ಫೀಲ್ಡ್‌ನಲ್ಲಿರುವ ಪೆಟ್ಟಿಗೆಗೆ ಅದೇ ಹಳೇ ಇಮೇಜ್ ಬೇಕಾಗಿರುವಾಗ, ಪ್ಯಾಚ್ ಮೇಲೆ ಪ್ಯಾಚ್ ಹಾಕುತ್ತಾ ಕೂರುವುದು ಯಾಕೆ? ಬಿಲ್ಡ್‌ರೂಟ್ ಅನ್ನೇ ಹೊಸದಕ್ಕೆ ಏರಿಸುವುದು ಒಳ್ಳೆಯ ಕೆಲಸ, ಆದರೆ ಅದು ಬೇರೆಯದೇ ಕೆಲಸ. ಕೆಟ್ಟದ್ದನ್ನು ರಿಪೇರಿ ಮಾಡುವ ದಿನ ಅದಕ್ಕೆ ಕೈ ಹಾಕಬಾರದು.

ಕಂಟೇನರ್‌ನಲ್ಲಿ ಎರಡು ವಿಷಯ ನೋಡಿಕೊಳ್ಳಿ. ಬಿಲ್ಡ್ ಫೋಲ್ಡರ್ ಹೊರಗೆ ಯಾವ ಪಾತ್‌ನಲ್ಲಿದೆಯೋ ಒಳಗೂ ಅದೇ ಪಾತ್‌ನಲ್ಲಿ ಇರಲಿ. ಮತ್ತೆ ರೂಟ್ ಆಗಿ ಓಡಿಸಬೇಡಿ, ನಿಮ್ಮದೇ ಯೂಸರ್ ನಂಬರ್ ಕೊಡಿ. ರೂಟ್ ಆಗಿದ್ದರೆ ಟಾರ್‌ನಂಥ ಕೆಲವು ಪ್ಯಾಕೇಜ್ ಕಾನ್ಫಿಗರ್ ಆಗಲು ಒಪ್ಪುವುದಿಲ್ಲ, ಹೊರಗೆ ಬಂದ ಮೇಲೆ ಫೈಲ್‌ಗಳ ಮಾಲೀಕತ್ವದ ರಗಳೆ ಬೇರೆ.

ಇನ್ನೊಂದು ಗಂಟು ಇಲ್ಲಿದೆ. 22.04ರಲ್ಲಿ ಅರ್ಧಂಬರ್ಧ ಕಟ್ಟಿದ ಹೋಸ್ಟ್ ಸಾಧನಗಳು ಹೊಸ ಜಿಲಿಬ್‌ಸಿ ಕೇಳುತ್ತವೆ, 18.04 ಕಂಟೇನರ್‌ನಲ್ಲಿ ಓಡುವುದಿಲ್ಲ. ಹಾಗಾಗಿ ಈ ಹಂತದಲ್ಲಿ ‘ಮೇಕ್ ಕ್ಲೀನ್’ ಮಾಡಲೇಬೇಕು. ಕಾನ್ಫಿಗ್ ಎತ್ತಿಟ್ಟಾಗಿದೆ, ಐ-ಸ್ಕ್ವೇರ್-ಸಿ ಸಾಲುಗಳು ಪ್ಯಾಚ್ ಆಗಿವೆ, ಇನ್ನು ಅಳಿಸಲು ಭಯ ಇಲ್ಲ. ಪೂರ್ತಿ ಬಿಲ್ಡ್ ಶುರು ಮಾಡಿ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ ಬಂದರೂ ಅದು ಇನ್ನೂ ಓಡುತ್ತಿರಬಹುದು, ಆ ಪಿಸಿ ಅಷ್ಟು ಹಳೆಯದು.

ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೆ ಲಿನಕ್ಸ್) ಬಳಸುವವರಿಗೆ ಒಂದು ಮಾತು. ವಿಂಡೋಸ್ ತನ್ನ ಪಾತ್ (ಪ್ರೋಗ್ರಾಂ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಅನ್ನು ಲಿನಕ್ಸ್ ಪಾತ್‌ಗೆ ಅಂಟಿಸುತ್ತದೆ, ಅದರಲ್ಲಿ ‘ಪ್ರೋಗ್ರಾಂ ಫೈಲ್ಸ್’ ಎಂಬ ಹೆಸರಿನ ನಡುವೆ ಸ್ಪೇಸ್ ಇರುತ್ತದೆ. ಸ್ಪೇಸ್ ಇರುವ ಪಾತ್ ಬಿಲ್ಡ್‌ರೂಟ್‌ಗೆ ಆಗುವುದಿಲ್ಲ, ಶುರುವಿನಲ್ಲೇ ನಿಲ್ಲಿಸುತ್ತದೆ. ಮತ್ತೆ ಸೋರ್ಸ್ ಅನ್ನು ಸಿ ಡ್ರೈವ್‌ನಲ್ಲಿ ಇಡಬೇಡಿ. ಕರ್ನಲ್‌ನ ನೆಟ್‌ಫಿಲ್ಟರ್ ಭಾಗದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬಿಟ್ಟರೆ ಒಂದೇ ಹೆಸರಿನ ಫೈಲ್ ಜೋಡಿಗಳಿವೆ. ವಿಂಡೋಸ್ ಡಿಸ್ಕ್‌ನಲ್ಲಿ ಒಂದು ಇನ್ನೊಂದನ್ನು ನುಂಗುತ್ತದೆ.

ಫೈಲ್ ಕಣ್ಣೆದುರೇ ಇದೆ, ಆದರೂ ಇಲ್ಲ ಅನ್ನುತ್ತದೆ

ಹೊಸಬರನ್ನು ಜಾಸ್ತಿ ಸುಸ್ತು ಮಾಡುವ ಎರರ್ ಇದು. ಎಲ್‌ಎಸ್ ಹೊಡೆದರೆ ಪ್ರೋಗ್ರಾಂ ಕಾಣುತ್ತದೆ, ಓಡಿಸಲು ಹೋದರೆ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’.

ಇಲ್ಲದಿರುವುದು ಆ ಪ್ರೋಗ್ರಾಂ ಅಲ್ಲ, ಅದನ್ನು ಎತ್ತಿ ಮೆಮೊರಿಗೆ ಹಾಕುವ ಲೋಡರ್. ಪ್ರತಿ ಡೈನಾಮಿಕ್ ಪ್ರೋಗ್ರಾಂ ಒಳಗೆ ತನ್ನ ಲೋಡರ್‌ನ ಪೂರ್ತಿ ಪಾತ್ ಬರೆದಿರುತ್ತದೆ. ಆ ಪಾತ್‌ನಲ್ಲಿ ಲೋಡರ್ ಸಿಗದಿದ್ದರೆ ಕರ್ನಲ್ ‘ಇಲ್ಲ’ ಅನ್ನುತ್ತದೆ, ಯಾವುದು ಇಲ್ಲ ಅಂತ ಹೇಳುವುದಿಲ್ಲ. ‘ಫೈಲ್’ ಕಮಾಂಡ್ ಅಥವಾ ರೀಡ್‌ಎಲ್ಫ್ ಕೊಟ್ಟರೆ ಇಂಟರ್‌ಪ್ರಿಟರ್ ಎಂಬಲ್ಲಿ ಆ ಹೆಸರು ಕಾಣುತ್ತದೆ.

ಪಿಸಿಯಲ್ಲಿ ಕ್ರಾಸ್ ಜಿಸಿಸಿಯನ್ನೇ ಓಡಿಸುವಾಗ ಹೀಗಾದರೆ, ಅದು 32 ಬಿಟ್‌ನ ಹಳೇ ಟೂಲ್‌ಚೈನ್ (ಕಂಪೈಲರ್, ಲಿಂಕರ್ ಮುಂತಾದವುಗಳ ಕಟ್ಟು). 64 ಬಿಟ್ ಉಬುಂಟುವಿನಲ್ಲಿ ಅದರ ಲೋಡರ್ ಇಲ್ಲ. 32 ಬಿಟ್ ಲೈಬ್ರರಿಗಳನ್ನು ಹಾಕಿದರೆ ಎದ್ದು ಕೂರುತ್ತದೆ. ಬೋರ್ಡಿನಲ್ಲಿ ಹೀಗಾದರೆ, ಪ್ರೋಗ್ರಾಂ ಮತ್ತು ಇಮೇಜ್ ಬೇರೆ ಬೇರೆ ಜಾತಿಯವು. ಹಾರ್ಡ್ ಫ್ಲೋಟ್ (ದಶಮಾಂಶ ಲೆಕ್ಕವನ್ನು ಹಾರ್ಡ್‌ವೇರ್‌ನಲ್ಲೇ ಮಾಡುವ) ಜಿಲಿಬ್‌ಸಿಯ ಲೋಡರ್ ಹೆಸರಿನಲ್ಲಿ ‘ಆರ್ಮ್‌ಎಚ್‌ಎಫ್’ ಇರುತ್ತದೆ, ಸಾಫ್ಟ್ ಫ್ಲೋಟ್‌ನದರಲ್ಲಿ ಇರುವುದಿಲ್ಲ, ಜಿಲಿಬ್‌ಸಿಗೆ ಬದಲಿಯಾದ ಮಸಲ್ ಲೈಬ್ರರಿಯದು ಬೇರೆಯೇ ಹೆಸರು. ಇಮೇಜ್‌ನ ಲಿಬ್ ಫೋಲ್ಡರ್‌ನಲ್ಲಿ ಯಾವುದು ಇದೆ ಅಂತ ಹೋಲಿಸಿದರೆ ಮುಗಿಯಿತು.

‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬಂದರೆ ಅದು ಪಿಸಿಗಾಗಿ ಕಟ್ಟಿದ ಪ್ರೋಗ್ರಾಂ. ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಬಂದರೆ ಜಾತಿ ಸರಿ ಇದೆ, ಪ್ರೊಸೆಸರ್ ಮಾದರಿ ತಪ್ಪಿದೆ. ಕಾರ್ಟೆಕ್ಸ್ ಎ7ಗೆ ಅಂತ ಕಟ್ಟಿದ ಕೋಡ್‌ನಲ್ಲಿ ಪೂರ್ಣಾಂಕ ಭಾಗಾಕಾರದ ಇನ್‌ಸ್ಟ್ರಕ್ಷನ್ ಇರುತ್ತದೆ, ನಮ್ಮ ಎ8ರಲ್ಲಿ ಅದು ಇಲ್ಲ.

ಎರಡು ಕಂಪೈಲರ್, ಒಂದೇ ಪಾತ್

ಉಬುಂಟು ಏರಿಸಿದ ಗಡಿಬಿಡಿಯಲ್ಲಿ ಹುಡುಗ ಆಪ್ಟ್‌ನಿಂದಲೂ ಒಂದು ಆರ್ಮ್ ಕ್ರಾಸ್ ಕಂಪೈಲರ್ ಹಾಕಿದ್ದ. ಪೆಟ್ಟಿಗೆಯ ಮುಖ್ಯ ಪ್ರೋಗ್ರಾಂ ಅದರಿಂದ ಕಂಪೈಲ್ ಆಯಿತು, ಎರರ್ ಒಂದೂ ಇಲ್ಲ. ಬೋರ್ಡಿನಲ್ಲಿ ಓಡಿಸಿದರೆ ‘ಜಿಲಿಬ್‌ಸಿ 2.34 ಸಿಗಲಿಲ್ಲ’. ಬಿಲ್ಡ್‌ರೂಟ್ 2019.02 ಬೋರ್ಡಿಗೆ ಕೊಡುವುದು 2.28.

ಹೊಸ ಸೌಲಭ್ಯ ಯಾವುದನ್ನೂ ಬಳಸದಿದ್ದರೂ ಹೀಗೇ ಆಗುತ್ತದೆ. ಮೇನ್ ಫಂಕ್ಷನ್ ಶುರುವಾಗುವ ಮೊದಲು ಓಡುವ ಜಿಲಿಬ್‌ಸಿಯ ಆರಂಭದ ಫಂಕ್ಷನ್‌ಗೇ 2.34ರಲ್ಲಿ ಹೊಸ ಆವೃತ್ತಿ ಮುದ್ರೆ ಬಿತ್ತು. ಹಾಗಾಗಿ ಆಮೇಲಿನ ಜಿಲಿಬ್‌ಸಿ ಜೊತೆ ಲಿಂಕ್ ಆದ ಹಲೋ ವರ್ಲ್ಡ್ ಕೂಡ 2.34 ಕೇಳುತ್ತದೆ. ಬೋರ್ಡಿಗೆ ಹೊಸ ಜಿಲಿಬ್‌ಸಿ ಫೈಲ್ ಕಾಪಿ ಮಾಡಿ ನೋಡೋಣ ಅಂತ ಹೊರಡಬೇಡಿ, ಬೋರ್ಡ್ ಬೂಟ್ ಆಗುವುದೇ ನಿಲ್ಲಬಹುದು. ಸರಿಯಾದ ಕಂಪೈಲರ್‌ನಿಂದ ಮತ್ತೆ ಕಟ್ಟಿ.

ಯಾವ ಕಂಪೈಲರ್ ಓಡುತ್ತಿದೆ ಅಂತ ತಿಳಿಯಲು ‘ಟೈಪ್ ಮೈನಸ್ ಎ’ ಕೊಡಿ. ಪಾತ್‌ನಲ್ಲಿ ಆ ಹೆಸರಿನವು ಎಷ್ಟಿವೆಯೋ ಎಲ್ಲಾ ಕಾಣುತ್ತವೆ. ಆಮೇಲೆ ಕಂಪೈಲರ್‌ಗೇ ‘ಡಂಪ್‌ಮಷೀನ್’ ಮತ್ತು ‘ಪ್ರಿಂಟ್-ಸಿಸ್‌ರೂಟ್’ ಆಯ್ಕೆ ಕೊಟ್ಟು ಕೇಳಿ. ಸಿಸ್‌ರೂಟ್ (ಬೋರ್ಡಿನ ಹೆಡರ್, ಲೈಬ್ರರಿ ಹುಡುಕುವ ಫೋಲ್ಡರ್) ನಿಮ್ಮ ಔಟ್‌ಪುಟ್‌ನ ಹೋಸ್ಟ್ ಫೋಲ್ಡರ್ ಒಳಗೆ ಇರಬೇಕು. ಲಿಂಕರ್ ‘ಸಿಆರ್‌ಟಿ1 ಸಿಗಲಿಲ್ಲ’ ಅಂದರೂ ನೋಡಬೇಕಾದ್ದು ಈ ಸಿಸ್‌ರೂಟ್ ಅನ್ನೇ. ಒಂದು ಹಲೋ ಪ್ರೋಗ್ರಾಂ ಕಟ್ಟಿ ಬೋರ್ಡಿನಲ್ಲಿ ಓಡಿಸಿ. ಅದು ಓಡದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ.

ಕಂಪೈಲರ್ ಸರಿ ಇದ್ದೂ ಪಿಸಿಯ ಹೆಡರ್ ಒಳಗೆ ನುಸುಳುವುದುಂಟು. ಬಿಲ್ಡ್‌ರೂಟ್ ತನ್ನ ಪ್ಯಾಕೇಜ್‌ಗಳಲ್ಲಿ ಇದನ್ನು ಹಿಡಿದು ‘ಅನ್‌ಸೇಫ್ ಹೆಡರ್ ಪಾತ್’ ಅಂತ ಕೂಗುತ್ತದೆ. ನಿಮ್ಮದೇ ಮೇಕ್‌ಫೈಲ್ ಇದ್ದರೆ ಕಾಯುವವರಿಲ್ಲ. ಲೈಬ್ರರಿ ಎಲ್ಲಿದೆ ಅಂತ ಹೇಳುವ ಪಿಕೆಜಿ-ಕಾನ್ಫಿಗ್‌ಗೆ ಲಿಬ್‌ಡರ್ ಮತ್ತು ಸಿಸ್‌ರೂಟ್ ಎರಡೂ ವೇರಿಯೇಬಲ್ ಕೊಡಿ, ಇಲ್ಲದಿದ್ದರೆ ಅದು ಪಿಸಿಯ ಲೈಬ್ರರಿಯನ್ನೇ ತೋರಿಸುತ್ತದೆ. ಸಿಮೇಕ್ ಆದರೆ ಟೂಲ್‌ಚೈನ್ ಫೈಲ್ ಬದಲಿಸಿದ ಮೇಲೆ ಸಿಮೇಕ್ ಕ್ಯಾಶ್ ಫೈಲ್ ಅಳಿಸಿ. ಹಳೇ ಕಂಪೈಲರ್‌ನ ಪಾತ್ ಅದರಲ್ಲಿ ಅಚ್ಚಾಗಿ ಕೂತಿರುತ್ತದೆ.

ಬೇರೆ ಪಿಸಿಯಿಂದ ಔಟ್‌ಪುಟ್ ಫೋಲ್ಡರ್ ಕಾಪಿ ತಂದು ಹಾಕಿಕೊಳ್ಳುವ ಆಸೆಯೂ ಬರುತ್ತದೆ. ಅದರೊಳಗೆ ಪೂರ್ತಿ ಪಾತ್‌ಗಳು ಬರೆದಿರುವುದರಿಂದ ಜಾಗ ಬದಲಾದರೆ ಓಡುವುದಿಲ್ಲ. ಟೂಲ್‌ಚೈನ್ ಬೇಕಿದ್ದರೆ ‘ಮೇಕ್ ಎಸ್‌ಡಿಕೆ’ ಮಾಡಿ, ಹೊಸ ಜಾಗದಲ್ಲಿ ಅದರ ಜೊತೆ ಬರುವ ರೀಲೊಕೇಟ್ ಸ್ಕ್ರಿಪ್ಟ್ ಓಡಿಸಿ.

ಬೋರ್ಡ್ ಮೇಲೆ

ಬಿಲ್ಡ್ ಮುಗಿಯಿತು, ಎಸ್‌ಡಿ ಕಾರ್ಡ್‌ಗೆ ಬರೆದಾಯಿತು, ಬೋರ್ಡ್ ಬೂಟ್ ಆಯಿತು. ಆದರೂ ಹಳೇ ದೋಷವೇ ಕಾಣುತ್ತಿದೆ ಅಂದರೆ ಮೊದಲು ಸಂಶಯ ಪಡಬೇಕಾದ್ದು ಬೋರ್ಡ್ ಯಾವುದರಿಂದ ಬೂಟ್ ಆಯಿತು ಅನ್ನೋದರ ಮೇಲೆ. ಬೀಗಲ್‌ಬೋನ್ ಬ್ಲ್ಯಾಕ್ ಸುಮ್ನೆ ಬಿಟ್ಟರೆ ಮೊದಲು ನೋಡುವುದು ಒಳಗಿನ ಮೆಮೊರಿ ಚಿಪ್ ಇಎಂಎಂಸಿಯನ್ನು. ಎಸ್‌ಡಿ ಕಾರ್ಡ್ ಮೊದಲು ನೋಡಬೇಕೆಂದರೆ ಎಸ್2 ಬಟನ್ ಒತ್ತಿ ಹಿಡಿದು ಪವರ್ ಕೊಡಬೇಕು. ರೀಬೂಟ್ ಕಮಾಂಡ್ ಕೊಟ್ಟರೆ ಸಾಲದು, ಪವರ್ ಪೂರ್ತಿ ತೆಗೆದು ಹಾಕಿ.

ಸೀರಿಯಲ್ ಕನ್ಸೋಲ್ ಹಚ್ಚಿ, ವೇಗ 115200. ‘ಯುನೇಮ್ ಮೈನಸ್ ಎ’ ಕೊಟ್ಟರೆ ಕರ್ನಲ್ ಕಟ್ಟಿದ ದಿನ, ಹೊತ್ತು ಬರುತ್ತದೆ. ಅದು ನಿಮ್ಮ ಹೊಸ ಬಿಲ್ಡ್‌ನದೇ? ಹೌದಾದರೆ ಮಾಡ್ಯೂಲ್‌ಗಳು (ಕರ್ನಲ್‌ಗೆ ಬೇಕಾದಾಗ ಸೇರುವ ಡ್ರೈವರ್‌ಗಳು) ಲೋಡ್ ಆಗಿವೆಯಾ ನೋಡಿ. ಕರ್ನಲ್ ಮಾತ್ರ ಹೊಸದು ಹಾಕಿ ರೂಟ್ ಫೈಲ್‌ಸಿಸ್ಟಮ್ ಹಳೆಯದೇ ಬಿಟ್ಟಿದ್ದರೆ ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಬರಬಹುದು. ಕರ್ನಲ್ ಲಾಗ್‌ನಲ್ಲಿ ‘ವರ್ಷನ್ ಮ್ಯಾಜಿಕ್’ ಅಂತ ಹುಡುಕಿದರೆ ಎರಡೂ ಆವೃತ್ತಿ ಅಕ್ಕಪಕ್ಕ ಸಿಗುತ್ತವೆ. ಆಮೇಲೆ ಐ-ಸ್ಕ್ವೇರ್-ಸಿ ಬಸ್ ಸ್ಕ್ಯಾನ್ ಮಾಡಿ, ಸೆನ್ಸರ್‌ನ ವಿಳಾಸ ಕಾಣುತ್ತಾ ನೋಡಿ.

ಬ್ಯಾಡಗಿಗೆ ಹೊಸ ಇಮೇಜ್ ಕಳಿಸುವ ಮೊದಲು ಇನ್ನೊಂದು ಸಲ, ಬೇರೆಯೇ ಔಟ್‌ಪುಟ್ ಫೋಲ್ಡರ್ ಕೊಟ್ಟು, ಗಿಟ್‌ನಿಂದ ಹೊಸದಾಗಿ ತೆಗೆದ ಸೋರ್ಸ್ ಮತ್ತು ಎತ್ತಿಟ್ಟ ಡೆಫ್‌ಕಾನ್ಫಿಗ್‌ನಿಂದ ಪೂರ್ತಿ ಬಿಲ್ಡ್ ಓಡಿಸಿ. ಎರಡೂ ಟಾರ್ಗೆಟ್ ಫೋಲ್ಡರ್‌ಗಳ ಫೈಲ್ ಪಟ್ಟಿಯನ್ನು ಡಿಫ್ ಮಾಡಿ. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದ ಫೈಲ್ ಸಿಕ್ಕರೆ, ಗಿಟ್‌ಗೆ ಸೇರದ ತಿದ್ದುಪಡಿ ಇನ್ನೂ ಎಲ್ಲೋ ಇದೆ ಅಂತ ಅರ್ಥ. ಇವರಲ್ಲಿ ಸಿಕ್ಕಿದ್ದು ಒಂದು ಶೆಲ್ ಸ್ಕ್ರಿಪ್ಟ್, ಬೂಟ್ ಆದಾಗ ಮೋಡೆಮ್ ಎಬ್ಬಿಸುವುದು. ಅದನ್ನು ಇಮೇಜ್‌ಗೆ ನೇರವಾಗಿ ಸೇರುವ ಓವರ್‌ಲೇ ಫೋಲ್ಡರ್‌ಗೆ ಹಾಕಿ ಗಿಟ್‌ಗೆ ಕಮಿಟ್ ಮಾಡಿದೆವು. ಯುಪಿಎಸ್‌ನ ಒಂದು ಸಾಕೆಟ್ ಈಗ ಬಿಲ್ಡ್ ಪಿಸಿಗೆ ಸಿಕ್ಕಿದೆ. ಸಿಸಿ ಕ್ಯಾಮೆರಾಗೆ ಬೇರೆ ವ್ಯವಸ್ಥೆ ಇನ್ನೂ ಆಗಬೇಕು.